ಹೊಂಗೆ ಮರದ ಕೆಳಗಿನ ಕಟ್ಟೆ

ಮಧ್ಯಾಹ್ನದ ಊಟ ಮುಗಿಸಿ, ಒಲೆ ಸಾರಿಸಿ, ಅತ್ತೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡ ಮೇಲೆ ಶಿವಕುಮಾರಿ ಒಂದು ಒದ್ದೆ ಬಟ್ಟೆ, ಒಂದು ಬುಟ್ಟಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದಳು. ಮಲ್ಲಿಗೆ ಸಾಲುಗಳ ಕೊನೆಯಲ್ಲಿ, ಹೊಂಗೆ ಮರದ ಕೆಳಗೆ, ಮೊಣಕಾಲೆತ್ತರದ ಒಂದು ಕಲ್ಲುಕಟ್ಟೆ. ಬೆಳಗ್ಗೆ ಅತ್ತೆ ಅದರ ಮೇಲಿಟ್ಟ ಮೊಗ್ಗು, ಬಿಲ್ವಪತ್ರೆ ಅಷ್ಟು ಹೊತ್ತಿಗೆ ಬಾಡಿ ಮುದುಡಿರುತ್ತಿದ್ದವು. ಅವನ್ನು ಬುಟ್ಟಿಗೆ ತುಂಬಿ, ಕಲ್ಲಿಗೆ ಬಳಿದ ವಿಭೂತಿಯನ್ನು ಒರೆಸಿ ತೆಗೆದು, ತೇವ ಆರುವವರೆಗೆ ನಿಂತಿದ್ದು, ಮನೆಗೆ ಬರುತ್ತಿದ್ದಳು. ಸಂಜೆ ಗೇಟು ತೆರೆಯುವ ಹೊತ್ತಿಗೆ ಅದು ಬರಿಯ ಕಟ್ಟೆಯಾಗಿರಬೇಕಿತ್ತು.

ಆ ಕಟ್ಟೆಯ ಕೆಳಗೆ ಅವಳ ಗಂಡ ಇದ್ದ.

ಅವರ ಮನೆತನದಲ್ಲಿ ಸುಡುವ ಪದ್ಧತಿಯಿಲ್ಲ. ತೀರಿಹೋದವರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಮಣ್ಣು ಮಾಡುತ್ತಾರೆ. ಸ್ವಂತ ನೆಲವಿದ್ದವರಿಗೆ ಸ್ವಂತ ನೆಲದಲ್ಲೇ. ಹಿಂದಿನ ವೈಶಾಖದಲ್ಲಿ ವಿಷಮಜ್ವರ ಬಂದು ಹಿರಿಯ ಮಗ ಹೋದಾಗ ಮಾವ ಗಂಗಾಧರಯ್ಯನವರು ತೋಟದ ಒಳ್ಳೆಯ ನೆರಳನ್ನೇ ಆರಿಸಿ ಅಲ್ಲಿ ಗದ್ದಿಗೆ ಮಾಡಿಸಿದರು. ವರ್ಷ ತುಂಬಿದ ದಿನ ಅದರ ಮೇಲೆ ಕಲ್ಲಿನ ಲಿಂಗ ಕೂರಿಸುವುದು ರೂಢಿ. ಅಲ್ಲಿಯವರೆಗೆ ನೋಡಿದವರಿಗೆ ಅದು ಕಟ್ಟೆಯೇ.

ತೋಟ ಇದ್ದದ್ದು ಶಂಕರಪುರಂ ಮುಗಿದು ಕೆಂಪಾಂಬುಧಿ ಕೆರೆಯ ಕಡೆಗೆ ನೆಲ ಇಳಿಯುವಲ್ಲಿ. ಗಂಗಾಧರಯ್ಯನವರಿಗೆ ಬಳೇಪೇಟೆಯಲ್ಲಿ ಅರಿಸಿನ ಕುಂಕುಮದ ಸಗಟು ಅಂಗಡಿಯಿತ್ತು. ಅದನ್ನೀಗ ಎರಡನೆಯ ಮಗ ನಂಜುಂಡಯ್ಯ ನೋಡಿಕೊಳ್ಳುತ್ತಿದ್ದ. ತೋಟದಲ್ಲಿ ಮಲ್ಲಿಗೆ, ಬೇಸಿಗೆಯಲ್ಲಿ ಸೌತೆ, ಕರಬೂಜ. ಯುದ್ಧದ ವರ್ಷಗಳಲ್ಲಿ ಯಾರೋ ಪರಿಚಯದವರು ಮಕ್ಕಳನ್ನು ಕರೆದುಕೊಂಡು ಬಂದು, ಕಪಿಲೆಯ ಎತ್ತುಗಳು ಬಾವಿಯಿಂದ ನೀರೆತ್ತುವುದನ್ನು ತೋರಿಸಿ, ಬಳ್ಳಿಯಿಂದ ಆಗತಾನೆ ಕಿತ್ತ ಸೌತೆಕಾಯಿಗೆ ಉಪ್ಪುಕಾರ ಹಚ್ಚಿ ತಿಂದು ಹೋಗಿದ್ದರು. ಅಲ್ಲಿಂದಾಚೆಗೆ ಪ್ರತಿ ಬೇಸಿಗೆ ರಜದಲ್ಲೂ ಸಂಜೆ ಹೊತ್ತು ಬಸವನಗುಡಿ, ಚಾಮರಾಜಪೇಟೆಗಳಿಂದ ಸಂಸಾರಗಳು ಬರತೊಡಗಿದವು. ಗಂಗಾಧರಯ್ಯನವರು ಒಗೆದ ಅಂಗಿ ತೊಟ್ಟು ಗೇಟಿನಲ್ಲಿ ನಿಲ್ಲುತ್ತಿದ್ದರು. ಹೊಲ ನೋಡಲು ಬಂದವರನ್ನು ಮದುವೆಗೆ ಬಂದ ಬೀಗರಂತೆ ಕರೆಯುತ್ತಾರೆ ಎಂದು ಅತ್ತೆ ಗಿರಿಜಾಂಬಾ ನಗುವುದಿತ್ತು. ಅದು ಮಗ ಇದ್ದಾಗ.

ಆ ವರ್ಷ ಯುಗಾದಿ ಕಳೆದ ಮೊದಲ ಭಾನುವಾರ ಬಂದವರಲ್ಲಿ ಶಂಕರಪುರಂನ ವರದರಾಜ ಎಂಬ ಮೇಷ್ಟರೂ ಅವರ ತಾಯಿ ಸುಂದರಮ್ಮನವರೂ ಇದ್ದರು. ಅಯ್ಯಂಗಾರರ ಮನೆಯ ಮಡಿ ಹೆಂಗಸು, ತಲೆಯ ಮೇಲೆ ಬಿಳಿ ಸೆರಗು, ಕೈಯಲ್ಲಿ ಊರಿಕೊಳ್ಳಲು ಒಂದು ಕೊಡೆ. ಬಿಸಿಲಿನಲ್ಲಿ ನಡೆದು ಬಂದ ಸುಸ್ತಿಗೆ ಹೊಂಗೆ ಮರದ ಹತ್ತಿರ ಅವರಿಗೆ ಕಣ್ಣು ಕತ್ತಲೆ ಬಂತು. ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಗಂಗಾಧರಯ್ಯ ಓಡಿಬಂದರು.

"ಕೂತ್ಕೊಳ್ಳಿ ಅಮ್ಮಾ, ಕೂತ್ಕೊಳ್ಳಿ" ಎಂದರು. ಸುಂದರಮ್ಮ ಕಟ್ಟೆಯನ್ನು ನೋಡಿ ಅನುಮಾನಿಸಿದಾಗ, "ಅದಕ್ಕೇ ಅಂತಲೇ ಕಟ್ಟಿಸಿರೋದು" ಎಂದೂ ಸೇರಿಸಿದರು.

ಮಜ್ಜಿಗೆಯ ಪಾತ್ರೆ ಹಿಡಿದು ಬರುತ್ತಿದ್ದ ಶಿವಕುಮಾರಿ ಅಲ್ಲೇ ನಿಂತಳು.

ಆ ಸಂಜೆ ದೀಪ ಹಚ್ಚಿ ಊಟಕ್ಕೆ ಕೂತಾಗ ಗಿರಿಜಾಂಬಾ ಮುದ್ದೆ ಬಡಿಸಿ ಸಾರಿನ ಸೌಟನ್ನು ಕೆಳಗಿಟ್ಟರು.

"ಅದಕ್ಕೇ ಕಟ್ಟಿಸಿದ್ರಾ?"

"ಬೀಳ್ತಿದ್ರು ಕಣೇ. ಬಾಯಿಗೆ ಬಂದದ್ದು ಅಂದೆ."

"ಮಗನ ತಲೆ ಮೇಲೆ ಕೂರಿಸಿದ್ರಿ."

"ಗದ್ದಿಗೆ ಅಂತ ಹೇಳಿದ್ರೆ ಅಲ್ಲೇ ಎದ್ದು ಓಡ್ತಿದ್ರು. ನಮಗೆ ಗದ್ದಿಗೆ, ಅವರಿಗೆ ಸ್ಮಶಾನ."

ನಂಜುಂಡಯ್ಯ ತಟ್ಟೆಯಿಂದ ತಲೆಯೆತ್ತಲಿಲ್ಲ. "ಅವರೊಬ್ಬರೇನಾ ಓಡೋದು? ಶಂಕರಪುರಂ ಪೂರ್ತಿ ಓಡತ್ತೆ. ಸ್ಮಶಾನದಲ್ಲಿ ಬೆಳೆದ ಸೌತೆಕಾಯಿ ಯಾರಮ್ಮ ತಿಂತಾರೆ? ಅಪ್ಪಾಜಿ ಅಂದಿದ್ದು ಅಂದಾಯ್ತು. ಈಗ ಹಿಂದಕ್ಕೆ ತಗೊಂಡ್ರೆ ಸುಳ್ಳು ಹೇಳಿದೋರು ಅಂತ ಆಗಲ್ವಾ?"

ಮಾತು ಬೆಳೆಯಿತು. ಅತ್ತೆ ತಾವು ಪೂಜೆ ಬಿಡುವವರಲ್ಲ ಎಂದರು. ಬಿಡು ಅಂತ ಯಾರು ಅಂದರು ಎಂದು ಮಾವ ಕೇಳಿದರು. ಕೊನೆಗೆ, ಯಾರ ಮುಖವನ್ನೂ ನೋಡದೆ, "ಬೆಳಗ್ಗೆ ಮಾಡ್ಕೋ. ಸಂಜೆ ಹೊತ್ತಿಗೆ ಯಾರಾದ್ರೂ ತೆಗೆದುಬಿಡಿ" ಎಂದು ಕೈ ತೊಳೆಯಲು ಎದ್ದರು.

ಯಾರಾದರೂ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಮರುದಿನ ಮಧ್ಯಾಹ್ನ ಶಿವಕುಮಾರಿ ಬಟ್ಟೆ ಒದ್ದೆ ಮಾಡಿಕೊಂಡಳು.

ಒಬ್ಬರು ಕೂತ ಮೇಲೆ ಉಳಿದವರೂ ಕೂತರು. ಅದರ ಮೇಲೆ ಟಿಫನ್ ಕ್ಯಾರಿಯರ್ ಬಿಚ್ಚಿ ಪುಳಿಯೋಗರೆ ಹಂಚಿಕೊಂಡರು. ಮಕ್ಕಳು ಹತ್ತಿ ಹತ್ತಿ ಹಾರಿದರು. ಮೊಗ್ಗು ಬಿಡಿಸುವ ಬಸವಮ್ಮ ಆ ಕಡೆ ಬರುವುದನ್ನೇ ಬಿಟ್ಟು, ತನ್ನ ಬುಟ್ಟಿಯನ್ನು ಬಾವಿಯ ಹತ್ತಿರ ಇಟ್ಟುಕೊಳ್ಳತೊಡಗಿದಳು. ಶಿವಕುಮಾರಿ ಸೌತೆಕಾಯಿ ಸೀಳಿ, ಉಪ್ಪುಕಾರ ಸವರಿ, ಬಂದವರಿಗೆ ಕೊಡುತ್ತ ಹೋದಳು. ಬಿ.ಎ. ಮಾಡಿದವಳೆಂದು ಮಾವ ಕೆಲವರಿಗೆ ಹೇಳುತ್ತಿದ್ದರು. ಅವರು "ಹೌದಾ" ಎನ್ನುತ್ತಿದ್ದರು. ಅವಳ ಬೋಳು ಹಣೆ ನೋಡಿ ಮುಂದಿನ ಮಾತು ನಿಲ್ಲಿಸುತ್ತಿದ್ದರು.

ನಿಲ್ಲಿಸದವರು ಸುಂದರಮ್ಮ ಒಬ್ಬರೇ. ನಡೆಯದಿದ್ದರೆ ಮಂಡಿ ಹಿಡಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಹೆಚ್ಚುಕಮ್ಮಿ ದಿನವೂ ಬರುತ್ತಿದ್ದರು. ಮಗ ಅವರನ್ನು ಕಟ್ಟೆಯ ಮೇಲೆ ಕೂರಿಸಿ ಕೆರೆಯ ಏರಿಯ ಮೇಲೆ ಓಡಾಡಿ ಬರುತ್ತಿದ್ದರು. ಬೇರೆಯವರ ಕೈಯ ಮಜ್ಜಿಗೆ ಅವರು ಕುಡಿಯುವವರಲ್ಲ. ಸೀಳದ ಸೌತೆಕಾಯಿಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು.

"ಕಾಲು ಹೋಗಿದೆ, ಕಿವಿ ಹೋಗಿಲ್ಲ" ಎಂದರು ಒಂದು ದಿನ. "ನಮ್ಮ ಬೀದಿ ತಿರುವಿನಲ್ಲೇ ನಿಮ್ಮ ಕಪಿಲೆ ಕಿರ್ರ್ ಅನ್ನೋದು ಕೇಳಿಸತ್ತೆ. ಅದಕ್ಕೇ ನಮ್ಮ ಸೊಸೆ ಆಂಡಾಳ್‌ಗೆ ಕಷ್ಟ. ಪಾಪ, ಗಂಡನ ಹತ್ರ ಪಿಸುಗುಟ್ಟಬೇಕಾದ್ರೂ ಹಿತ್ತಲಿಗೆ ಹೋಗ್ತಾಳೆ."

ಶಿವಕುಮಾರಿಗೆ ನಗು ಬಂತು. ನಕ್ಕು ಎಷ್ಟೋ ಕಾಲವಾಗಿದ್ದರಿಂದ ಗಂಟಲು ಒರಟಾಗಿತ್ತು.

"ನಿಂತೇ ಇರ್ತೀಯಲ್ಲ ಹುಡುಗಿ. ಕೂತ್ಕೋ. ಇಷ್ಟುದ್ದ ಇದೆ ಕಟ್ಟೆ."

ಅವಳು ಬೇಡವೆಂದಳು. ಮರುದಿನವೂ ಬೇಡವೆಂದಳು. ಇನ್ನೊಂದು ವಾರ ಕಳೆದು ಒಂದು ಸಂಜೆ, ಬಂದವರೆಲ್ಲ ಬಾವಿಯ ಕಡೆ ಹೋಗಿದ್ದಾಗ, ಕಟ್ಟೆಯ ಆ ತುದಿಯಲ್ಲಿ ಕೂತಳು. ದಿನವೆಲ್ಲ ಕಾದ ಕಲ್ಲು ಸೀರೆಯ ಮೂಲಕ ಬೆಚ್ಚಗೆ ತಾಗಿತು. ಗಂಡ ಹೋದ ಮೇಲೆ ಅವಳು ಅಷ್ಟು ಹತ್ತಿರ ಕೂತದ್ದು ಅದೇ ಮೊದಲು. ಅಲ್ಲಿಂದ ದಿನವೂ ಕೂತಳು. ಇಬ್ಬರೂ ಹಾಗಲಕಾಯಿಯ ಕಹಿ ತೆಗೆಯುವ ಬಗೆ, ರೇಷನ್ ಅಕ್ಕಿಯ ಕಲ್ಲು, ವರದರಾಜನ ಸ್ಕೂಲಿನ ಹೆಡ್ ಮೇಷ್ಟರ ಜಿಪುಣತನ, ಇಂಥವನ್ನೇ ಮಾತಾಡಿದರು.

ಗಂಡ ಏನು ಮಾಡಿಕೊಂಡಿದ್ದರು ಎಂದು ಸುಂದರಮ್ಮ ಕೇಳಿದ್ದೂ ಅಲ್ಲೇ. ಅಂಗಡಿ ನೋಡಿಕೊಳ್ಳುತ್ತಿದ್ದರು, ಜ್ವರ ಬಂತು ಎಂದಳು ಶಿವಕುಮಾರಿ. ಆಸ್ಪತ್ರೆಯಲ್ಲಿ ರೋಗಿಯ ಹೆಸರೇನು ಎಂದು ಕೇಳಿದಾಗ ತಾನು ಬಾಯಿ ಬಿಡಲಾರದೆ ಮೈದುನನ ಮುಖ ನೋಡಿದ್ದು ನೆನಪಾಯಿತು. ಕಟ್ಟಿಕೊಂಡವರ ಹೆಸರು ಹೇಳಬಾರದು. ಕಾಲೇಜಿನಲ್ಲಿ ಓದಿದ ಯಾವುದೂ ಆ ಗಳಿಗೆಗೆ ಒದಗಿರಲಿಲ್ಲ.

"ನಮ್ಮವರು ಹೋದಾಗ ವರದ ಹೊಟ್ಟೆಯಲ್ಲಿದ್ದ" ಎಂದರು ಸುಂದರಮ್ಮ. "ಬೂದಿ ತಗೊಂಡು ಹೋಗಿ ಪಶ್ಚಿಮವಾಹಿನೀಲಿ ಬಿಟ್ಟು ಬಂದ್ರು. ನನ್ನ ಕರ್ಕೊಂಡು ಹೋಗ್ಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಒಂದ್ಸಲ ನಾನೇ ಹೋದೆ. ನೀರು ಹರೀತಿತ್ತು. ಯಾವ ಕಡೆ ಮುಖ ಮಾಡಿ ಕೂತ್ಕೊಬೇಕು ಅಂತಲೇ ತಿಳೀಲಿಲ್ಲ."

ಕಟ್ಟೆಯ ಮೇಲೆ ಅಂಗೈ ಊರಿಕೊಂಡೇ ಅದನ್ನು ಹೇಳಿದರು. ಶಿವಕುಮಾರಿಗೆ ಮಾತು ನಾಲಿಗೆಯ ತುದಿಯವರೆಗೆ ಬಂತು. ಹೇಳಿದರೆ ಮಾವನ ಮಾತು ಸುಳ್ಳಾಗುತ್ತದೆ. ಹೇಳಿದರೆ ನಾಳೆಯಿಂದ ಈ ಹೆಂಗಸು ಬರುವುದಿಲ್ಲ. ಸೌತೆಕಾಯಿಯೊಂದನ್ನು ಆರಿಸಿ ಅವರ ಸೆರಗಿಗೆ ಹಾಕಿದಳು.

ಬಿಸಿಲು ಏರಿತು. ಬಾವಿಯ ನೀರು ಕೆಳಗಿಳಿದು ಎತ್ತುಗಳು ಇನ್ನಷ್ಟು ದೂರ ನಡೆಯಬೇಕಾಯಿತು. ಬೆಳಗಿನ ಜಾವವೇ ಎದ್ದು ಮೊಗ್ಗು ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಮಾರ್ಕೆಟ್ಟಿಗೆ ಕಳಿಸಿ, ಕರಬೂಜದ ಅಡಿಗೆ ಹುಲ್ಲು ಹಾಸಿ, ಅಡಿಗೆಮನೆಗೆ ಬರುವಷ್ಟರಲ್ಲಿ ಅತ್ತೆ ಸೊಸೆಯರಿಬ್ಬರ ಬೆನ್ನೂ ಬಿದ್ದುಹೋಗಿರುತ್ತಿತ್ತು. ಒಂದು ದಿನ ಕೈಗಾಡಿಯಲ್ಲಿ ಕಲ್ಲುಕುಟಿಗನಿಂದ ಲಿಂಗ ಬಂತು. ಮೊಳದುದ್ದದ ಕರಿಕಲ್ಲು, ಅದಕ್ಕೊಂದು ಪೀಠ. ಎಲ್ಲಿಡುವುದು ಎಂದು ಆಳು ಕೇಳಿದ. ಮೊಗ್ಗಿನ ಕೊಟ್ಟಿಗೆಯಲ್ಲಿ ಇಡಿಸಿ, ಗಂಗಾಧರಯ್ಯ ಅದರ ಮೇಲೂ ಒಂದು ಗೋಣಿ ಹೊದಿಸಿದರು.

ಗಿರಿಜಾಂಬಾ ಆ ಹೊತ್ತು ಎಲ್ಲರೂ ತಟ್ಟೆಯ ಮುಂದೆ ಕೂರುವವರೆಗೆ ಕಾದರು.

"ವರ್ಷದ ದಿನಕ್ಕೆ ಅಯ್ಯನವರಿಗೆ ಹೇಳಿಕಳಿಸಿದೀರಾ?"

"ಪೂಜೆಗೆ ಬರ್ತಾರೆ."

"ಕಲ್ಲು ಕೂರಿಸೋಕೆ?"

"ಮಳೆ ಬೀಳಲಿ. ಜನ ಬರೋದು ನಿಲ್ಲತ್ತೆ. ಆಮೇಲೆ ನಿಧಾನವಾಗಿ ಕೂರಿಸೋಣ."

"ನಿಧಾನವಾಗಿ" ಎಂದರು ಗಿರಿಜಾಂಬಾ. "ಅವನಿಗೇನು ಅವಸರ ಇಲ್ಲ, ಬಿಡಿ."

"ಅವ್ವಾ, ಲಿಂಗ ಇಟ್ಟ ಮಾರನೇ ದಿನ ಆ ಮೇಷ್ಟರ ತಾಯಿ ಬಂದು ಎಲ್ಲಿ ಕೂತ್ಕೊಳ್ಳಲಿ ಅಂದ್ರೆ ಏನು ಹೇಳ್ತೀಯ?" ಎಂದ ನಂಜುಂಡಯ್ಯ. "ಅಣ್ಣ ಇದ್ದಿದ್ರೂ ಇದನ್ನೇ ಅಂತಿದ್ದ. ಬಂದೋರನ್ನ ಅವಮಾನ ಮಾಡಿ ಕಳಿಸು ಅಂತಿದ್ನಾ?"

"ಅವನು ಏನಂತಿದ್ದ ಅಂತ ನೀನು ಹೇಳಬೇಡ."

ಎಲ್ಲರೂ ಶಿವಕುಮಾರಿಯ ಕಡೆ ನೋಡಿದರು. ಅವಳಿಗೆ ಬೇಕಿದ್ದದ್ದು ಒಂದೇ. ಆ ದಿನ ಆ ಕಲ್ಲು ಅಲ್ಲಿ ಕೂರಬೇಕು. ಮಜ್ಜಿಗೆ ಬಡಿಸಿದಳು.

ವರ್ಷದ ದಿನ, ಮನೆಗೆ ಪೂಜೆ ಮಾಡಿಸುವ ಜಂಗಮರು, ಅಯ್ಯನವರು ಬಂದರು. ಪಾದಪೂಜೆಯಾಯಿತು. ಗದ್ದಿಗೆಯ ಮೇಲೆ ಅವರೇ ವಿಭೂತಿ ಬಳಿದು, ಬಿಲ್ವ ಏರಿಸಿದರು. ಗಿರಿಜಾಂಬಾ ಅಂದಿನ ಮೊಗ್ಗಿನ ಒಂದು ಪಾಲನ್ನು ಮಾರ್ಕೆಟ್ಟಿಗೆ ಕಳಿಸದೆ ಅಲ್ಲೇ ಸುರಿದರು. ಕಲ್ಲು ಬಂದಿಲ್ಲವೇ ಎಂದು ಅಯ್ಯನವರು ಕೇಳಿದಾಗ ಗಂಗಾಧರಯ್ಯ, "ಮಳೆ ಬೀಳಲಿ ಬುದ್ಧೀ" ಎಂದರು. ಅವರು ಪಾಯಸ ಉಂಡು ಹೋದರು.

ಮಧ್ಯಾಹ್ನ ಶಿವಕುಮಾರಿ ಎಂದಿನಂತೆ ಬಟ್ಟೆ, ಬುಟ್ಟಿ ಹಿಡಿದು ಇಳಿದಳು. ಹೊಂಗೆಯ ಕೆಳಗೆ ನಿಂತಳು. ಮೊಗ್ಗುಗಳು ಆ ಸೆಕೆಗೆ ಅಲ್ಲೇ ಬಿರಿಯತೊಡಗಿದ್ದವು. ಸ್ವಲ್ಪ ಹೊತ್ತು ನಿಂತಿದ್ದು, ಬುಟ್ಟಿಯನ್ನು ಹಾಗೇ ಹಿಡಿದು ಮನೆಗೆ ಬಂದು, ಒರೆಸದ ಬಟ್ಟೆಯನ್ನು ಗೂಟಕ್ಕೆ ಹಾಕಿದಳು. ಚಾಪೆಯ ಮೇಲೆ ಮಲಗಿದ್ದ ಗಿರಿಜಾಂಬಾ ಖಾಲಿ ಬುಟ್ಟಿಯನ್ನು ನೋಡಿದರು. ಗೋಡೆಯ ಕಡೆ ಮಗ್ಗುಲಾದರು.

ಸಂಜೆ ಜನ ಬಂದರು. ಸುಂದರಮ್ಮ ಕೊಡೆಯೂರಿಕೊಂಡು ಕಟ್ಟೆಯ ಹತ್ತಿರ ಬಂದು ನಿಂತರು. ಆ ಹೊತ್ತು ಏರಿಗೆ ಹೊರಟಿದ್ದ ವರದರಾಜರೂ ತಿರುಗಿ ನೋಡಿದರು.

"ಇದೇನಮ್ಮ, ಇವತ್ತು ಕಟ್ಟೆಗೆ ಪೂಜೆ?"

ಗೇಟಿನಿಂದ ಗಂಗಾಧರಯ್ಯ ಬೇಗ ಬೇಗ ಬಂದರು. "ಏನಿಲ್ಲ ಅಮ್ಮಾ. ಮನೆ ಹೆಂಗಸರು ಏನೋ ಮಾಡಿದಾರೆ. ತೆಗೆಸ್ತೀನಿ, ಕೂತ್ಕೊಳ್ಳಿ."

"ಕೂತ್ಕೊಬೇಡಿ" ಎಂದಳು ಶಿವಕುಮಾರಿ.

ಅವಳ ದನಿ ಏರಿರಲಿಲ್ಲ. ಆದರೂ ಚಾಪೆ ಹಾಸಿಕೊಂಡು ಕೂತಿದ್ದವರು ಈ ಕಡೆ ನೋಡಿದರು.

"ಇದು ಗದ್ದಿಗೆ. ನಮ್ಮವರು ಇದರ ಕೆಳಗಿದಾರೆ. ಇವತ್ತಿಗೆ ವರ್ಷ ಆಯ್ತು."

ಸುಂದರಮ್ಮ ಕಟ್ಟೆಯನ್ನು ನೋಡಿದರು. ತಾವು ದಿನವೂ ಕೂರುತ್ತಿದ್ದ ಜಾಗವನ್ನು, ಆಮೇಲೆ ಶಿವಕುಮಾರಿ ಕೂರುತ್ತಿದ್ದ ಜಾಗವನ್ನು ನೋಡಿದರು.

"ಇಷ್ಟು ದಿನ…" ಎಂದು ಸುಂದರಮ್ಮ ಶುರುಮಾಡಿ ಅಷ್ಟಕ್ಕೇ ಬಿಟ್ಟರು. ತೋಳು ಹಿಡಿಯಲು ಬಂದ ಮಗನಿಗೆ, "ನನ್ನ ಮುಟ್ಟಬೇಡ ವರದ. ಮುಂದೆ ನಡಿ" ಎಂದರು. ಮಲ್ಲಿಗೆ ಸಾಲುಗಳ ನಡುವೆ ಕೊಡೆಯೂರುತ್ತ, ಮಗನಿಂದ ಮಾರು ದೂರದಲ್ಲಿ, ನಿಧಾನವಾಗಿ ಹೋದರು. ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಳ್ಳಬೇಕು ಅವರು. ಉಳಿದವರು ಕ್ಯಾರಿಯರ್ ಮುಚ್ಚಿದರು. ಒಬ್ಬಾಕೆ ಮಗುವಿನ ಕೈಯಿಂದ ಸೌತೆಕಾಯಿ ಕಿತ್ತು ಎಸೆದಳು. ದೀಪ ಹಚ್ಚುವ ಹೊತ್ತು ಇನ್ನೂ ಆಗಿರಲಿಲ್ಲ. ತೋಟ ಖಾಲಿಯಾಗಿತ್ತು.

ಅಂಗಡಿ ಮುಚ್ಚಿ ಬಂದ ನಂಜುಂಡಯ್ಯನಿಗೆ ಬಸವಮ್ಮ ಗೇಟಿನಲ್ಲೇ ಸುದ್ದಿ ಹೇಳಿದ್ದಳು.

"ಸಮಾಧಾನ ಆಯ್ತಾ ಅತ್ತಿಗೆ? ಓದಿದೋರು ನೀವು. ಅಪ್ಪಾಜಿ ಮರ್ಯಾದೆ ಹತ್ತು ಜನದ ಮುಂದೆ ತೆಗೆದ್ರಿ."

"ಆಯ್ತು, ಸುಮ್ಮನಿರು" ಎಂದರು ಗಂಗಾಧರಯ್ಯ. ಜಗಲಿಯ ಮೇಲೆ ಕೂತಿದ್ದವರು ಎದ್ದು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. "ಅಯ್ಯನವರ ಮನೆಗೆ ಹೋಗಿ ಕರ್ಕೊಂಡು ಬಾ. ಬಂದು ಕಲ್ಲಿಗೆ ಕೈ ಹಾಕು."

"ಈಗಲಾ?"

"ಬೆಳಗಾಗೋವರೆಗೂ ಇವತ್ತಿನ ದಿನಾನೇ."

ಲಾಂದ್ರದ ಬೆಳಕಿನಲ್ಲಿ ಅಪ್ಪ ಮಗ ಇಬ್ಬರೂ ಗೋಣಿ ಸರಿಸಿ ಕಲ್ಲನ್ನು ಹೊತ್ತು ತಂದರು. ಅಯ್ಯನವರು ಹೇಳಿಕೊಟ್ಟಂತೆ ಪೀಠ ಇಟ್ಟು, ಲಿಂಗ ಕೂರಿಸಿ, ಗಾರೆ ತುಂಬಿದರು. ಗಂಗಾಧರಯ್ಯನವರ ಬರಿಮೈಗೆ ಮಣ್ಣು ಮೆತ್ತಿತ್ತು. ಗಿರಿಜಾಂಬಾ ಸೆರಗಿನಿಂದ ಗಂಡನ ಬೆನ್ನು ಒರೆಸಿದರು.

"ಬೀಳ್ತಿದ್ರು ಕಣಮ್ಮ ಆವತ್ತು" ಎಂದರು ಗಂಗಾಧರಯ್ಯ, ಸೊಸೆಯ ಕಡೆ ತಿರುಗದೆ. "ಬೇರೇನು ಹೇಳ್ಲಿ ಅಂತ ತೋಚಲಿಲ್ಲ."

ಆಮೇಲೆ ಯಾರೂ ಬರಲಿಲ್ಲ. ಗಂಗಾಧರಯ್ಯ ಸಂಜೆಯಾದರೆ ಒಗೆದ ಅಂಗಿ ತೊಟ್ಟು ಗೇಟು ತೆರೆದು ನಿಲ್ಲುವುದನ್ನು ಬಿಡಲಿಲ್ಲ. ಕತ್ತಲಾದ ಮೇಲೆ ತಾವೇ ಮುಚ್ಚಿ ಬರುತ್ತಿದ್ದರು. ಮಾರ್ಕೆಟ್ಟಿಗೆ ಹೋದ ಮೊಗ್ಗು ಯಾವ ತೋಟದ್ದೆಂದು ಯಾರೂ ಕೇಳಲಿಲ್ಲ, ಅದು ನಡೆಯಿತು. ಆದರೆ ಸೌತೆಕಾಯಿಗಳು ಬಳ್ಳಿಯಲ್ಲೇ ಬಲಿತು, ಹಳದಿಯಾಗಿ, ತೊಡೆಯಷ್ಟು ದಪ್ಪವಾದವು. ಎತ್ತುಗಳಿಗೆ ಹಾಕಿದರು. ಉಳಿದದ್ದು ಹುಳಿಗೆ, ಪಲ್ಯಕ್ಕೆ, ಸಂಡಿಗೆಗೆ.

"ಇನ್ನೊಂದು ದಿನ ಸೌತೆಕಾಯಿ ಹುಳಿ ಮಾಡಿದ್ರೆ ನಾನೇ ಬಳ್ಳಿ ಬಿಡ್ತೀನಿ" ಎಂದ ನಂಜುಂಡಯ್ಯ. ತಾಯಿಗೆ ಹೇಳಿದ ಮಾತು. ಅತ್ತಿಗೆಯ ಹತ್ತಿರ ಅವನು ಮಾತು ಬಿಟ್ಟಿದ್ದ. ನೀರು ಬೇಕಾದರೂ ತಾನೇ ಎದ್ದು ತೆಗೆದುಕೊಳ್ಳುತ್ತಿದ್ದ.

ಮಧ್ಯಾಹ್ನ ಮಾಡಲು ಶಿವಕುಮಾರಿಗೆ ಕೆಲಸವಿರಲಿಲ್ಲ. ಒರೆಸುವುದೇನೂ ಇರಲಿಲ್ಲ. ಹೊಂಗೆಯ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ಲಿಂಗದ ಮೇಲಿನ ಹೂವು ಸಂಜೆಯವರೆಗೂ ಹಾಗೇ ಇರುತ್ತಿತ್ತು. ಅವಳಿಗೆ ಬೇಕಿದ್ದದ್ದೇ ಅದು. ಆದರೆ ಈಗ ಅಲ್ಲಿ ಕೂರುವಂತಿರಲಿಲ್ಲ. ಲಿಂಗವಿರುವ ಕಟ್ಟೆಯ ಮೇಲೆ ಯಾರು ಕೂರುತ್ತಾರೆ? ಸುತ್ತು ಬಂದು, ಕೈ ಮುಗಿದು, ಮನೆಗೆ ಬರುತ್ತಿದ್ದಳು.

ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ, ಇನ್ನೂ ಮುಖ ಕಾಣದ ಹೊತ್ತು, ಅವಳು ಹೊಂಗೆಯ ಕಡೆಯ ಸಾಲಿನಲ್ಲಿ ಮೊಗ್ಗು ಬಿಡಿಸುತ್ತಿದ್ದಳು. ಬಸವಮ್ಮ ದೂರದಲ್ಲಿ, ಬಾವಿಯ ಹತ್ತಿರ. ಹಿಂದೆ ಕೆಸರಿನಲ್ಲಿ ಏನೋ ಊರಿದ ಸದ್ದು. ತಿರುಗಿದರೆ ಕೊಡೆ, ಬಿಳಿ ಸೆರಗು. ಜೊತೆಗೆ ಯಾರೂ ಇರಲಿಲ್ಲ.

"ಸ್ನಾನಕ್ಕೆ ಮುಂಚೆ ಬಂದೆ" ಎಂದರು ಸುಂದರಮ್ಮ, ಉಸಿರು ಹಿಡಿಯುತ್ತ. "ಹೇಗಿದ್ರೂ ಹೋಗಿ ನೀರು ಹಾಕ್ಕೋಬೇಕಲ್ಲ. ಈ ಹೊತ್ತಲ್ಲಿ ಬಂದ್ರೆ ಮೈಲಿಗೆ ಆದ್ರೂ ಒಂದೇ, ಬಿಟ್ರೂ ಒಂದೇ. ಮೊದಲೇ ಹೊಳೀಲಿಲ್ಲ ನೋಡು."

ಶಿವಕುಮಾರಿ ಮೊಗ್ಗಿನ ಗೋಣಿಯೊಂದನ್ನು ಝಾಡಿಸಿ ಒದ್ದೆ ನೆಲದ ಮೇಲೆ ಹಾಸಿದಳು. ಸುಂದರಮ್ಮ ಕೊಡೆ ಹಿಡಿದು, ನರಳುತ್ತ, ತುಂಬ ಹೊತ್ತು ತೆಗೆದುಕೊಂಡು ಕೂತರು. ಶಿವಕುಮಾರಿ ಪಕ್ಕದಲ್ಲಿ ಕೂತಳು. ಇಬ್ಬರ ಮುಖವೂ ಗದ್ದಿಗೆಯ ಕಡೆಗಿತ್ತು. ಬುಟ್ಟಿ ಹತ್ತಿರವೇ ಇತ್ತು. ಸುಂದರಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ನಾನು ಹೂವು ಮುಟ್ಟಲ್ಲ, ದೇವರಿಗೆ ಹೋಗೋದು" ಎಂದರು.

ಮರದಿಂದ ಹನಿ ಉದುರುತ್ತಿತ್ತು.

"ಅಷ್ಟು ದಿನ ಅವರ ಮೇಲೆ ಕೂತು ಊರ ಹರಟೆಯೆಲ್ಲ ಹೊಡೆದೆ" ಎಂದರು. "ಹೆಸರೇ ಕೇಳ್ಲಿಲ್ಲ. ಏನಮ್ಮ ಇವರ ಹೆಸರು?"

ಶಿವಕುಮಾರಿ ಬಾವಿಯ ಕಡೆ ನೋಡಿದಳು. ಬಸವಮ್ಮ ಕೂಗಳತೆಯಲ್ಲಿರಲಿಲ್ಲ. ಮನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಅವಳ ಪರವಾಗಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

"ಪರಮಶಿವಯ್ಯ" ಎಂದಳು.

ಸುಂದರಮ್ಮ ಕಿವಿಯ ಮೇಲಿನ ಸೆರಗನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು.

"ಇನ್ನೊಂದ್ಸಲ ಹೇಳಮ್ಮ. ನನಗೆ ಕಿವಿ ಮಂದ."

ಶಿವಕುಮಾರಿ ಇನ್ನೊಂದು ಸಲ ಹೇಳಿದಳು.